ಗೋಡೆಯ ಮೇಲಿನ ಮೊಟ್ಟೆ

ಹಂಪ್ಟಿ ಡಂಪ್ಟಿ ಒಂದು ಮೊಟ್ಟೆ ಎಂದು ಆ ಪದ್ಯದಲ್ಲಿ ಎಲ್ಲಿಯೂ ಇಲ್ಲ. ಮನಸ್ಸಿನಲ್ಲೇ ಒಮ್ಮೆ ಹೇಳಿಕೊಂಡು ನೋಡಿ. ಗೋಡೆ ಇದೆ, ಬೀಳುವುದಿದೆ, ರಾಜನ ಕುದುರೆಗಳಿವೆ, ಆಳುಗಳಿದ್ದಾರೆ. ಮೊಟ್ಟೆ ಮಾತ್ರ ಇಲ್ಲ. ಆದರೂ ಬೆಂಗಳೂರಿನ ನರ್ಸರಿಯಲ್ಲಿ ಕಲಿತ ಮಗುವನ್ನು ಕೇಳಿ, ರಾಯಚೂರಿನ ಕಾನ್ವೆಂಟಿನಲ್ಲಿ ಕಲಿತ ಮಗುವನ್ನು ಕೇಳಿ, ಉತ್ತರ ಒಂದೇ: ಮೊಟ್ಟೆ. ಹಾಗೆಂದು ಕಲಿಸಿದ್ದು ಪದ್ಯವಲ್ಲ, ಗೋಡೆಗೆ ತೂಗುಹಾಕಿದ ಚಾರ್ಟು.

ಮೂಲದಲ್ಲಿ ಅದೊಂದು ಒಗಟು. ಬಿದ್ದರೆ ಯಾರಿಂದಲೂ ಮತ್ತೆ ಕೂಡಿಸಲಾಗದ್ದು ಯಾವುದು ಎಂಬುದು ಪ್ರಶ್ನೆ. ಮೊಟ್ಟೆ ಎಂಬುದು ಕೇಳಿದವರು ತಲೆ ಕೆರೆದುಕೊಂಡು ಕಂಡುಹಿಡಿಯಬೇಕಾದ ಉತ್ತರ. ಡೆನ್ಮಾರ್ಕಿನ ಮಕ್ಕಳಿಗೆ ಇದೇ ಒಗಟು ಲಿಲ್ಲೆ ಟ್ರಿಲ್ಲೆ ಎಂಬ ಹೆಸರಿನಲ್ಲಿ ಗೊತ್ತು. ಇಂಗ್ಲೆಂಡಿನಲ್ಲಿ ಇದು 1797ರಲ್ಲಿ ಸ್ಯಾಮ್ಯುಯೆಲ್ ಆರ್ನಲ್ಡ್ ಎಂಬ ಸಂಗೀತಗಾರನ ಪುಸ್ತಕದಲ್ಲಿ ಅಚ್ಚಾಯಿತು. 1871ರ ಕೊನೆಯಲ್ಲಿ ಲೂಯಿಸ್ ಕ್ಯಾರಲ್‌ನ ಎರಡನೆಯ ಆಲಿಸ್ ಪುಸ್ತಕ ಹೊರಬಂತು. ಅದರಲ್ಲಿ ಜಾನ್ ಟೆನಿಯೆಲ್ ಬರೆದ ಚಿತ್ರದಲ್ಲಿ ಕೈಕಾಲು ಮೂಡಿದ, ಕೊರಳಪಟ್ಟಿ ಕಟ್ಟಿದ ಮೊಟ್ಟೆಯೊಂದು ಗೋಡೆಯ ಮೇಲೆ ಕೂತಿತು. ಅಲ್ಲಿಂದ ಈಚೆಗೆ ಅದು ಒಗಟಾಗಿ ಉಳಿಯಲಿಲ್ಲ. ನಮ್ಮ ಹಳ್ಳಿಗಳಲ್ಲಿ ಒಗಟು ಹಾಕಿದವರು, ಎದುರಿಗಿದ್ದವರು ಸೋತೆ ಎಂದು ಒಪ್ಪುವವರೆಗೂ ಉತ್ತರ ಬಿಟ್ಟುಕೊಡುವುದಿಲ್ಲ. ಇಲ್ಲಿ ಪ್ರಶ್ನೆ ಕೇಳುವ ಮೊದಲೇ ಉತ್ತರ ಕಣ್ಣೆದುರಿಗೆ ಬಂದು ಕೂತಿದೆ.

ಇಂಗ್ಲಿಷ್ ಶಿಶುಪ್ರಾಸಗಳಿಗೆ ಎರಡು ಬಗೆಯ ವ್ಯಾಖ್ಯಾನಕಾರರು ಸಿಕ್ಕಿದ್ದಾರೆ. ಒಬ್ಬರು ಗೂಢಾರ್ಥ ಹುಡುಕುವ ಪಂಡಿತರು, ಇನ್ನೊಬ್ಬರು ಚಿತ್ರಕಾರರು. ನೂರೈವತ್ತಕ್ಕೂ ಹೆಚ್ಚು ವರ್ಷಗಳಿಂದ ಹೆಚ್ಚು ಗದ್ದಲ ಎಬ್ಬಿಸಿರುವವರು ಪಂಡಿತರು. ಆದರೆ ಪದ್ಯಗಳ ಅರ್ಥವನ್ನು ನಿಜವಾಗಿ ಕಟ್ಟಿದವರು, ಕೆಲವು ಸಲ ಕೆಡಿಸಿದವರೂ ಕೂಡ, ಚಿತ್ರಕಾರರು ಎಂಬುದು ನನ್ನ ಅಭಿಪ್ರಾಯ.

ಪಂಡಿತರ ಪರಂಪರೆ ಆರಂಭವಾದದ್ದೇ ಒಂದು ವಿಚಿತ್ರ ಸಾಹಸದಿಂದ. 1834ರಲ್ಲಿ ಜಾನ್ ಬೆಲೆಂಡನ್ ಕರ್ ಎಂಬಾತ, ಈ ಪದ್ಯಗಳೆಲ್ಲ ಹಳೆಯ ಡಚ್ ಭಾಷೆಯಲ್ಲಿ ಪಾದ್ರಿಗಳನ್ನು ಬೈದು ಕಟ್ಟಿದವು, ಕಿವಿಯಿಂದ ಕಿವಿಗೆ ಬರುವಾಗ ಇಂಗ್ಲಿಷ್ ಆಗಿ ಕೆಟ್ಟವು ಎಂದು ವಾದಿಸಿದ. ಆ ಡಚ್ ಆತನೇ ಹೊಸೆದದ್ದು. 1930ರಲ್ಲಿ ಕ್ಯಾಥರಿನ್ ಎಲ್ವಿಸ್ ಥಾಮಸ್ ಪ್ರತಿಯೊಂದು ಪಾತ್ರದ ಹಿಂದೆಯೂ ಒಬ್ಬ ರಾಜನನ್ನೋ ರಾಣಿಯನ್ನೋ ನಿಲ್ಲಿಸಿದಳು. ಬೀರು ಬರಿದಾದ ಮದರ್ ಹಬರ್ಡ್ ಮುದುಕಿಯೇ ಎಂಟನೆಯ ಹೆನ್ರಿಯ ಮಂತ್ರಿ ಕಾರ್ಡಿನಲ್ ವುಲ್ಸಿ ಎಂದಳು. ಇಂದು ನಮಗೆ ಪರಿಚಿತವಾದ ಆ ಪದ್ಯವನ್ನು ಪುಸ್ತಕವಾಗಿಸಿದವಳು ಸಾರಾ ಕ್ಯಾಥರಿನ್ ಮಾರ್ಟಿನ್, ಅದು 1805ರಲ್ಲಿ. ವುಲ್ಸಿ ಸತ್ತದ್ದು 1530ರಲ್ಲಿ. ನಡುವೆ ಇನ್ನೂರೆಪ್ಪತ್ತೈದು ವರ್ಷಗಳ ಅಂತರ. ಆ ಅಂತರಕ್ಕೆ ಸೇತುವೆ ಕಟ್ಟಲು ಊಹೆಯನ್ನು ಬಿಟ್ಟರೆ ಅವಳ ಬಳಿ ಬೇರೇನೂ ಇರಲಿಲ್ಲ.

ಜಾಕ್ ಮತ್ತು ಜಿಲ್ ಎಂದರೆ ತಲೆ ಕಳೆದುಕೊಂಡ ಹದಿನಾರನೆಯ ಲೂಯಿ ಮತ್ತು ಮೇರಿ ಆಂಟೊನೆಟ್ ಎಂಬ ವಿವರಣೆ ಇನ್ನೂ ಸುಲಭವಾಗಿ ಬೀಳುತ್ತದೆ. ಅವರ ತಲೆ ಹೋದದ್ದು 1793ರಲ್ಲಿ. ಪದ್ಯ ಅದಕ್ಕೆ ಮೊದಲೇ ಅಚ್ಚಾಗಿತ್ತು. ಆ ಹಳೆಯ ಪುಸ್ತಕದ ಮರದಚ್ಚಿನ ಚಿತ್ರದಲ್ಲಿ ಗುಡ್ಡ ಹತ್ತುತ್ತಿರುವವರು ಒಬ್ಬ ಹುಡುಗ, ಒಬ್ಬಳು ಹುಡುಗಿ ಅಲ್ಲ, ಇಬ್ಬರೂ ಹುಡುಗರು.

ಎಲ್ಲಕ್ಕಿಂತ ಗಟ್ಟಿಯಾಗಿ ಬೇರುಬಿಟ್ಟಿರುವುದು ಪ್ಲೇಗಿನ ಕಥೆ. ಕೈಕೈ ಹಿಡಿದು ಸುತ್ತಿ, ಕೊನೆಗೆ ದೊಪ್ಪನೆ ಕೂರುವ ಗುಲಾಬಿಯ ಆಟ ನಮ್ಮ ಮಕ್ಕಳಿಗೂ ಗೊತ್ತು. ಗುಲಾಬಿ ಎಂದರೆ ಮೈಮೇಲಿನ ಕೆಂಪು ಗುಳ್ಳೆ, ಸೀನು ರೋಗದ ಲಕ್ಷಣ, ಬೀಳುವುದೆಂದರೆ ಸಾವು. ಇದು 1665ರ ಲಂಡನ್ ಪ್ಲೇಗಿನ ನೆನಪು ಎಂದು ಓದಿದವರೂ ನಂಬುತ್ತಾರೆ. ಆದರೆ ಈ ವಿವರಣೆ ಹರಡಿದ್ದು ಎರಡನೆಯ ಮಹಾಯುದ್ಧದ ನಂತರ. ಪ್ಲೇಗಿನ ಗುರುತು ಕಂಕುಳ, ತೊಡೆಸಂದುಗಳ ಗಡ್ಡೆ, ಗುಲಾಬಿ ಬಣ್ಣದ ಗುಳ್ಳೆಯಲ್ಲ. ಇಂಗ್ಲೆಂಡಿನಲ್ಲಿ ಈ ಪದ್ಯವನ್ನು 1881ರಲ್ಲಿ ಅಚ್ಚುಮಾಡಿದ ಕೇಟ್ ಗ್ರೀನವೇ ಪುಸ್ತಕದಲ್ಲಂತೂ ಸೀನಿನ ಸದ್ದೇ ಇಲ್ಲ.

ಪ್ಲೇಗನ್ನು ಕಂಡ ಊರು ಅದನ್ನು ಹೇಗೆ ನೆನೆಯುತ್ತದೆ ಎಂಬುದಕ್ಕೆ ನಾವು ದೂರ ಹೋಗಬೇಕಿಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಜನ ಪ್ಲೇಗಮ್ಮನಿಗೆ ಗುಡಿ ಕಟ್ಟಿದರು, ಹೆಸರಿಟ್ಟೇ ಕರೆದರು. ಭಯವನ್ನು ಹೂವಿನ ಮಾತಿನಲ್ಲಿ ಬಚ್ಚಿಡಲಿಲ್ಲ.

ಲಂಡನ್ ಸೇತುವೆ ಕುಸಿಯುವ ಹಾಡಿನ ಬಗ್ಗೆಯೂ ಇದೇ ಮಾತು ಹೇಳಬೇಕು. 1890ರ ದಶಕದಲ್ಲಿ ಮಕ್ಕಳ ಆಟಗಳ ಎರಡು ದೊಡ್ಡ ಸಂಪುಟಗಳನ್ನು ಹೊರತಂದ ಆಲಿಸ್ ಗಾಮ್, ಸೇತುವೆ ನಿಲ್ಲಲೆಂದು ಅಡಿಪಾಯದಲ್ಲಿ ಜೀವ ಕೊಡುತ್ತಿದ್ದ ಆಚಾರದ ನೆರಳನ್ನು ಆ ಆಟದಲ್ಲಿ ಕಂಡಳು. ಗಾಮ್ ಕಷ್ಟಪಟ್ಟು ದುಡಿದ ವಿದ್ವಾಂಸೆ, ಅವಳ ಊಹೆಯನ್ನು ಕರ್‌ನ ಡಚ್ಚಿನ ಜೊತೆಗೆ ಇಡಲಾಗದು. ಆದರೆ ಕನ್ನಡ ಓದುಗರ ಕಿವಿಯಲ್ಲಿ ‘ಕೆರೆಗೆ ಹಾರ’ ಇದೆ. ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸಿದ, ನೀರು ಬರಲಿಲ್ಲ, ಕಿರಿಸೊಸೆ ಭಾಗೀರಥಿಯನ್ನು ಕೊಟ್ಟರು. ಅಲ್ಲಿ ಬಲಿಗೆ ಹೆಸರಿದೆ, ತವರಿದೆ, ಅವಳು ಮೆಟ್ಟಿಲೇರುವ ಲೆಕ್ಕವಿದೆ, ಬಂದು ಹುಡುಕುವ ಗಂಡನಿದ್ದಾನೆ. ಹೇಳಬೇಕಾದ ಬಲಿಯಿದ್ದಾಗ ಜನಪದ ಹಾಗೆ ನೇರವಾಗಿ ಹೇಳಿ ಅಳುತ್ತದೆ. ಲಂಡನ್ ಹಾಡಿನಲ್ಲಿರುವುದು ಏನೇನನ್ನು ಹಾಕಿ ಸೇತುವೆ ಕಟ್ಟಿದರೂ ನಿಲ್ಲದ ಚಡಪಡಿಕೆ, ಮತ್ತು ಕಮಾನಿನಡಿ ಸಿಕ್ಕಿಬೀಳುವ ಆಟದ ಖುಷಿ. ಅಷ್ಟೇ ಇದ್ದರೆ ಅದು ಕಡಿಮೆಯೆ?

ಈ ಗೊಂದಲಕ್ಕೆ ಶಿಸ್ತು ತಂದವರು ಐಯೋನಾ ಮತ್ತು ಪೀಟರ್ ಓಪಿ ದಂಪತಿ. ಇಬ್ಬರೂ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವರಲ್ಲ. 1944ರಲ್ಲಿ ಹೊಲದ ಬದಿಯಲ್ಲಿ ನಡೆಯುತ್ತಿದ್ದಾಗ ಬೆರಳ ಮೇಲೆ ಹತ್ತಿದ ಒಂದು ಲೇಡಿಬರ್ಡ್ ಹುಳುವಿಗೆ ಬಾಯಿಪಾಠದ ಪದ್ಯ ಹೇಳಿ, ಇದು ಬಂದದ್ದೆಲ್ಲಿಂದ ಎಂದು ಹುಡುಕಹೊರಟರು. ಏಳು ವರ್ಷಗಳ ನಂತರ, 1951ರಲ್ಲಿ, ಐನೂರಕ್ಕೂ ಹೆಚ್ಚು ಪದ್ಯಗಳ ನಿಘಂಟು ಹೊರಬಂತು. ಮೊದಲು ಎಲ್ಲಿ ಅಚ್ಚಾಯಿತು, ಪಾಠಾಂತರಗಳೇನು, ಯಾರು ಯಾವಾಗ ಏನು ಊಹಿಸಿದರು ಎಂದು ಒಂದೊಂದಕ್ಕೂ ದಾಖಲೆ ಇಟ್ಟರು. ಹಾಗೆ ದಿನಾಂಕ ಬರೆದಿಟ್ಟದ್ದರಿಂದಲೇ ಎಷ್ಟೋ ಗೂಢಾರ್ಥಗಳು ತಾವಾಗಿ ಉದುರಿದವು. ಅವರು ಕೂಡಿಟ್ಟ ಸುಮಾರು 20,000 ಮಕ್ಕಳ ಪುಸ್ತಕಗಳು ಈಗ ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿವೆ.

ಇನ್ನು ಚಿತ್ರಕಾರರು. ಆರಂಭದ ಅಗ್ಗದ ಪುಸ್ತಕಗಳಲ್ಲಿ ಚಿತ್ರಕ್ಕೂ ಪದ್ಯಕ್ಕೂ ನಂಟು ಕಡಿಮೆ. ಮುದ್ರಕನ ಬಳಿ ಇದ್ದ ಮರದಚ್ಚೇ ಊರೂರು ತಿರುಗುವ ನಟನಂತೆ ಪುಸ್ತಕದಿಂದ ಪುಸ್ತಕಕ್ಕೆ ಬೇರೆ ಬೇರೆ ಪಾತ್ರ ಹಾಕುತ್ತಿತ್ತು. ಬಣ್ಣದ ಅಚ್ಚಿನಲ್ಲಿ ಪಳಗಿದ ಎಡ್ಮಂಡ್ ಇವಾನ್ಸ್ ಎಂಬ ಲಂಡನ್ ಮುದ್ರಕ ವಾಲ್ಟರ್ ಕ್ರೇನ್, ಗ್ರೀನವೇ, ರ್‍ಯಾಂಡಾಲ್ಫ್ ಕಾಲ್ಡೆಕಾಟ್ ಮೂವರನ್ನೂ ಅಚ್ಚುಮಾಡಿದ ಮೇಲೆ ಕಥೆ ಬದಲಾಯಿತು. ಗ್ರೀನವೇ ಮಕ್ಕಳು ಮುದ್ದಾಗಿದ್ದಾರೆ, ಟೊಪ್ಪಿಗೆ ಹಾಕಿ, ನೆರಿಗೆಯ ಅಂಗಿ ತೊಟ್ಟಿದ್ದಾರೆ. ಆ ಅಂಗಿಗಳನ್ನು ನೋಡಿ ಊರಿನ ತಾಯಂದಿರು ತಮ್ಮ ಮಕ್ಕಳಿಗೂ ಹೊಲಿಸಿದರು. ಆದರೆ ಅವಳ ಪುಟಗಳಲ್ಲಿ ಬಿದ್ದ ಮಗುವಿಗೆ ಮಂಡಿ ತರಚುವುದಿಲ್ಲ, ಕೆಸರು ಮೆತ್ತುವುದಿಲ್ಲ. ಪದ್ಯಗಳ ಒರಟುತನ ಅಲ್ಲಿ ಇಸ್ತ್ರಿಯಾಗಿ ಹೋಗಿದೆ. ಇಂದಿನ ಚಾರ್ಟುಗಳ ದುಂಡುಗೆನ್ನೆ, ಸದಾ ನಗುವ ಬಾಯಿ ಈ ದಾರಿಯದ್ದು ಎಂದು ನನಗೆ ಅನಿಸುತ್ತದೆ.

ಕಾಲ್ಡೆಕಾಟ್ ಬೇರೆಯೇ ಜಾತಿಯ ಪ್ರತಿಭೆ. 1882ರಲ್ಲಿ ಅವನು ಬೆಕ್ಕು ಪಿಟೀಲು ನುಡಿಸುವ, ಹಸು ಚಂದ್ರನನ್ನು ನೆಗೆಯುವ ಪದ್ಯಕ್ಕೆ ಚಿತ್ರ ಬರೆದ. ತಟ್ಟೆ ಚಮಚದ ಜೊತೆ ಓಡಿಹೋಗುವಲ್ಲಿಗೆ ಪದ್ಯ ಮುಗಿಯುತ್ತದೆ. ಕಾಲ್ಡೆಕಾಟ್ ಮುಗಿಸುವುದಿಲ್ಲ. ಹಾಳೆ ಮಗುಚಿದರೆ ಅಕ್ಷರವಿಲ್ಲದ ಒಂದು ಚಿತ್ರ: ತಟ್ಟೆ ಚೂರುಚೂರಾಗಿ ಬಿದ್ದಿದೆ, ಚಮಚವನ್ನು ಚಾಕುವೂ ಫೋರ್ಕೂ ತಂದೆತಾಯಿಗಳಂತೆ ನಡುವೆ ಹಿಡಿದು ಕರೆದೊಯ್ಯುತ್ತಿವೆ. ಓಡಿಹೋದ ಜೋಡಿಗೆ ಏನಾಗುತ್ತದೆ ಎಂಬುದನ್ನು ಅವನು ಒಂದು ಮಾತೂ ಆಡದೆ ಹೇಳಿಬಿಟ್ಟ. ಅದೇ ಪುಸ್ತಕದ ಇನ್ನೊಂದು ಪದ್ಯ, ಮಗುವಿಗೆ ಮೊಲದ ಚರ್ಮದ ಹೊದಿಕೆ ತರಲು ಅಪ್ಪ ಬೇಟೆಗೆ ಹೋದದ್ದು. ಕೊನೆಯ ಚಿತ್ರದಲ್ಲಿ ಆ ಚರ್ಮ ತೊಟ್ಟ ಮಗು ತಾಯಿಯ ಜೊತೆ ನಡೆದು ಹೋಗುತ್ತಿದೆ. ದಿಬ್ಬದ ಮೇಲೆ ಜೀವಂತ ಮೊಲಗಳು ಕೂತು ನೋಡುತ್ತಿವೆ. ಮಗುವೂ ನೋಡುತ್ತದೆ. ಆ ಮಗುವಿನ ಕಣ್ಣಿನಲ್ಲಿ ಏನೋ ತಿಳಿಯತೊಡಗಿದೆ. ಇದು ಪದ್ಯದಲ್ಲಿ ಇರಲಿಲ್ಲ, ಪದ್ಯಕ್ಕೆ ವಿರುದ್ಧವೂ ಅಲ್ಲ. ಮೌರಿಸ್ ಸೆಂಡಾಕ್‌ನಂಥ ಚಿತ್ರಕಾರ ಕಾಲ್ಡೆಕಾಟ್‌ನನ್ನು ಗುರುವೆಂದು ನೆನೆದದ್ದು ಸುಮ್ಮನೆ ಅಲ್ಲ. 1886ರಲ್ಲಿ, ನಲವತ್ತು ತುಂಬುವ ಮೊದಲೇ, ಆತ ತೀರಿಹೋದ.

ಟೆನಿಯೆಲ್‌ನ ಮೊಟ್ಟೆ ಪ್ರಶ್ನೆಯನ್ನು ಮುಚ್ಚಿತು, ಕಾಲ್ಡೆಕಾಟ್‌ನ ಮೊಲಗಳು ಪ್ರಶ್ನೆಯನ್ನು ಹುಟ್ಟಿಸಿದವು. ನಮ್ಮ ಶಾಲೆಗಳಿಗೆ ಬಂದದ್ದು ಮುಚ್ಚುವ ಬಗೆಯ ಚಿತ್ರ. ಈಗ ಪಂಡಿತರ ಚಾಳಿಯೂ ಬಂದಿದೆ: ಕಣ್ಣಾಮುಚ್ಚಾಲೆಯ ನಮ್ಮ ಹಾಡಿನೊಳಗೆ ಇಡೀ ರಾಮಾಯಣ ಅಡಗಿದೆ ಎಂಬ ವಿವರಣೆ ಫೋನಿನಿಂದ ಫೋನಿಗೆ ಹರಿದಾಡುತ್ತದೆ. ಆ ಹಾಡು ಕಣ್ಣು ಮುಚ್ಚಿದ ಮಗುವಿಗೆ ಧೈರ್ಯ ಕೊಡುತ್ತದೆ, ಬಚ್ಚಿಟ್ಟುಕೊಳ್ಳುವವರಿಗೆ ಸಮಯ ಕೊಡುತ್ತದೆ. ಅದರ ಅರ್ಥ ಆ ಕೆಲಸದಲ್ಲಿದೆ. ಅರ್ಥವಿಲ್ಲದ ಪದ ಕಂಡರೆ ದೊಡ್ಡವರಿಗೆ ಮುಜುಗರವಾಗುತ್ತದೆ, ಮಗುವಿಗೆ ಆಗುವುದಿಲ್ಲ.

ಮಕ್ಕಳ ಪುಸ್ತಕಕ್ಕೆ ಚಿತ್ರ ಬರೆಯುವ ಕನ್ನಡದ ಕಲಾವಿದರಲ್ಲಿ ನನ್ನದೊಂದು ಕೋರಿಕೆ: ಪದ್ಯ ಹೇಳಿದ್ದನ್ನೇ ಮತ್ತೆ ಬರೆಯಬೇಡಿ, ಅದು ಬಿಟ್ಟಲ್ಲಿಂದ ಮುಂದೆ ಬರೆಯಿರಿ. ಮನೆಯಲ್ಲಿ ಪುಟ್ಟ ಮಕ್ಕಳಿರುವವರಿಗೂ ಒಂದು ಮಾತು: ಈ ರಾತ್ರಿ ಹಂಪ್ಟಿಯ ಪದ್ಯವನ್ನು ಪುಸ್ತಕ ಮುಚ್ಚಿ ಹೇಳಿ, ಗೋಡೆಯ ಮೇಲೆ ಕೂತಿದ್ದವನು ಯಾರು ಎಂದು ಕೇಳಿ, ಮಗು ಹೇಳುವವರೆಗೆ ಕಾಯಿರಿ. ಚಿತ್ರವನ್ನು ಆಮೇಲೆ ತೋರಿಸಿ.