ಹೆಸರು ಗೊತ್ತಾದ ಮೇಲಿನ ಆಟ

ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ 1950ರಿಂದ 1967ರವರೆಗೆ ಪ್ರಸಾರವಾದ ‘ವಾಟ್ಸ್ ಮೈ ಲೈನ್?’ ಕಾರ್ಯಕ್ರಮಕ್ಕೆ ವಾರವಾರವೂ ಪ್ರಸಿದ್ಧರೊಬ್ಬರು ಅತಿಥಿಯಾಗಿ ಬರುತ್ತಿದ್ದರು. ನಾಲ್ವರು ಪ್ರಶ್ನಕಾರರ ಕಣ್ಣಿಗೆ ಪಟ್ಟಿ. ಅತಿಥಿ ದನಿ ಬದಲಿಸಿ ‘ಹೌದು’, ‘ಅಲ್ಲ’ ಎನ್ನಬೇಕು. ಅವರು ಯಾರೆಂದು ಇವರು ಕಂಡುಹಿಡಿಯಬೇಕು. ನೋಡುಗರಿಗೆ ಮಾತ್ರ ಮೊದಲೇ ಗೊತ್ತು. 1957ರಲ್ಲಿ ಬಂದ ಚಿತ್ರಕಾರ ಸಾಲ್ವಡಾರ್ ಡಾಲಿ ಹೆಚ್ಚುಕಡಿಮೆ ಎಲ್ಲ ಪ್ರಶ್ನೆಗಳಿಗೂ ‘ಹೌದು’ ಎಂದುಬಿಟ್ಟರು. ನಿರೂಪಕ ಜಾನ್ ಡೇಲಿ ನಡುನಡುವೆ ತಿದ್ದಬೇಕಾಯಿತು. ಆ ಕಂತು ಇಂದಿಗೂ ನಗಿಸುತ್ತದೆ. ಆದರೆ ಹೆಸರು ಹೊರಬಿದ್ದ ಕ್ಷಣ ಒಗಟು ಮುಗಿಯುತ್ತದೆ. ಆಮೇಲೆ ಚಪ್ಪಾಳೆ, ಒಂದೆರಡು ಕುಶಲದ ಮಾತು, ಅಷ್ಟೆ.

ಖ್ಯಾತರನ್ನು ಕರೆಸಿ ಎದುರು ಕೂತವರ ಮಾತಿಗೆ ಒಡ್ಡುವುದು ನಮಗೂ ಹೊಸತಲ್ಲ. ಕೆರೇಕೈ ಕೃಷ್ಣ ಭಟ್ಟರಂಥ ಅರ್ಥಧಾರಿಗಳನ್ನು ಕಂಡ ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ತಾಳಮದ್ದಲೆ ಕೂಟಗಳಿಗೂ ಹೊರಗಿನಿಂದ ಅತಿಥಿ ಅರ್ಥಧಾರಿಗಳು ಬರುತ್ತಾರೆ. ಇಲ್ಲಿ ವೇಷವಿಲ್ಲ, ಕುಣಿತವಿಲ್ಲ. ಪಂಚೆ, ಶಲ್ಯದಲ್ಲಿ ಕೂತವರು ಯಾರೆಂದು ಎಲ್ಲರಿಗೂ ಗೊತ್ತು, ಪಾತ್ರ ಗೊತ್ತು, ಕಥೆಯ ಕೊನೆಯೂ ಗೊತ್ತು. ಗೊತ್ತಿಲ್ಲದ್ದು ಒಂದೇ: ಇವತ್ತು ಮಾತು ಯಾವ ದಾರಿ ಹಿಡಿದೀತು?

‘ವಾಲಿವಧೆ’ಯನ್ನೇ ನೋಡಿ. ಬಾಣ ತಗುಲಿ ಬಿದ್ದ ವಾಲಿ, ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮವೆಂದು ರಾಮನನ್ನು ಕೇಳುತ್ತಾನೆ. ಪ್ರಸಂಗದಲ್ಲಿ ಅವನು ಸಾಯಲೇಬೇಕು; ವಾದದಲ್ಲಿ ಸೋಲಲೇಬೇಕೆಂದಿಲ್ಲ. ಕಾಸರಗೋಡು ಕಡೆಯ ಶೇಣಿ ಗೋಪಾಲಕೃಷ್ಣ ಭಟ್ಟರ ಮಾತಿಗೆ ಕಸುವು ಬಂದದ್ದು ಇಂಥ ಎಡೆಗಳಲ್ಲಿ. ಆದರೆ ಆ ಕಸುವು ಪೂರ್ತಿಯಾಗಿ ಹೊರಬೀಳಲು ಎದುರಿಗೆ ಮಲ್ಪೆ ರಾಮದಾಸ ಸಾಮಗರಂಥವರು ಇರಬೇಕಿತ್ತು.

ಅತಿಥಿಗಳ ಕೂಟದ ಅಪಾಯವೂ ಇಲ್ಲೇ ಇದೆ. ಕರಪತ್ರದಲ್ಲಿ ಅತಿಥಿಯ ಹೆಸರು ಪ್ರಸಂಗದ ಹೆಸರಿಗಿಂತ ದೊಡ್ಡದಾದರೆ, ಎದುರು ಕೂತ ಊರಿನ ಅರ್ಥಧಾರಿಗೆ ರಾಮನ ಪಾತ್ರ ಸಿಕ್ಕೀತು, ರಾಮನಾಗಿ ಉತ್ತರಿಸುವಷ್ಟು ಹೊತ್ತು ಸಿಗದು. ಹಿರಿಯರೆಂಬ ಸಂಕೋಚದಿಂದ ಅವನೂ ಮಾತು ನುಂಗಿಕೊಂಡರೆ, ಅಂದು ಗೆಲ್ಲುವುದು ವಾಲಿಯಲ್ಲ, ಅತಿಥಿಯ ಪ್ರಸಿದ್ಧಿ. ಮಾತು ಹಳಿತಪ್ಪಿದರೆ ಭಾಗವತರು ಮುಂದಿನ ಪದ್ಯ ಎತ್ತಿ ತಡೆಯಬಲ್ಲರು. ಡೇಲಿ ಮಾಡಿದ್ದೂ ಅಂಥದೇ ಕೆಲಸ. ಆದರೆ ಎದುರಾಳಿ ಆಡದ ಮಾತನ್ನು ಭಾಗವತರು ಆಡಲಾರರು.

ಹಾಗಾಗಿ ಕೂಟ ಏರ್ಪಡಿಸುವವರು ಅತಿಥಿಯನ್ನು ಗೊತ್ತುಮಾಡುವಾಗಲೇ ಎದುರು ಯಾರೆಂಬುದನ್ನೂ ಅಷ್ಟೇ ಕಾಳಜಿಯಿಂದ ಗೊತ್ತುಮಾಡಬೇಕು. ಆ ಹಳೆಯ ಟೀವಿ ಆಟದಲ್ಲಿ ಪ್ರಶ್ನಕಾರರ ಕಣ್ಣಿಗೆ ಪಟ್ಟಿಯಿತ್ತು, ಬಾಯಿಗಿರಲಿಲ್ಲ.