ಮಾಳಿಗೆಯ ಪದವೂ ಗಿಟಾರಿನ ಮೇಳವೂ

ಶಿಶುನಾಳದ ಶರೀಫ ಸಾಹೇಬರ ಪದಗಳನ್ನು ಗಿಟಾರು, ಡ್ರಮ್ಮುಗಳ ಮೇಳದಲ್ಲಿ ಹಾಡಿದ ರಘು ದೀಕ್ಷಿತರ ಮೊದಲನೆಯ ಆಲ್ಬಮ್ಮು 2008ರಲ್ಲಿ ಹೊರಬಿದ್ದಿತು; ಅದರ ತರುವಾಯದ 'ಜಗ್ ಚಂಗಾ' 2013ರಲ್ಲಿ. ಪೇಟೆಯ ಲೆಕ್ಕದಲ್ಲಿ ಇವು ಹಳೆಯವಾದರೂ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಲ್ಲಿ ಇವುಗಳ ಮೇಲಿನ ವಾದವು ಮಾತ್ರ ಹಳತಾಗಿಲ್ಲ. ಕಾಲೇಜಿನ ಹುಡುಗನು ಮೊಬೈಲಿನಲ್ಲಿ ಕೇಳಿ ತಲೆದೂಗುವ ಪದವನ್ನೇ ಅವನ ಅಜ್ಜನು ಶ್ರಾವಣದ ಭಜನೆಯಲ್ಲಿ ಪೇಟಿ, ತಬಲಾ, ದಮ್ಮಡಿ, ತಾಳಗಳೊಡನೆ ಹಾಡಿರುತ್ತಾನೆ. ಒಂದೇ ಮನೆಯಲ್ಲಿ ಒಂದೇ ಪದಕ್ಕೆ ಎರಡು ಬಾಳು. ಯಾವದು ಪದದ ನಿಜವಾದ ಬಾಳು ಎಂಬ ಪ್ರಶ್ನೆಯು ಆ ಮನೆಯಲ್ಲಿ ಹುಟ್ಟುವದು ಸಹಜವೇ ಸರಿ. ಹುಡುಗನಿಗೆ ಶರೀಫರ ದಾರಿ ಇದೊಂದೇ ಆಗಿಬಿಡುವ ಸಂಭವವಿರುವದರಿಂದ, ಈ ಪ್ರಶ್ನೆಯನ್ನು ಬರಿಯ ರುಚಿಭೇದವೆಂದು ತಳ್ಳಿಹಾಕುವಂತಿಲ್ಲ.

ಹಿರಿಯರ ಆಕ್ಷೇಪಣೆಯಲ್ಲಿ ಎರಡು ಮಾತುಗಳು ಬೆರೆತಿವೆ. ಗಿಟಾರು ಪರದೇಶದ ವಾದ್ಯವೆಂಬದು ಮೊದಲನೆಯದು. ಇದು ನಿಲ್ಲತಕ್ಕ ಮಾತಲ್ಲ. ಅವರ ಭಜನೆಯ ಪೇಟಿಯೇ ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪಿನಿಂದ ಹಡಗಿನಲ್ಲಿ ಬಂದದ್ದು. 1940ರಿಂದ 1971ರವರೆಗೆ ಆಕಾಶವಾಣಿಯು ಅದನ್ನು ಹೊಸ್ತಿಲೊಳಗೆ ಬಿಟ್ಟಿರಲಿಲ್ಲ. ಈಗ ಪೇಟಿಯಿಲ್ಲದ ಭಜನೆಯನ್ನು ಊಹಿಸುವದೇ ಕಷ್ಟ. ದೀಕ್ಷಿತರ ಮೇಳದಲ್ಲಿ ಎದ್ದು ಕೇಳುವ ಪಿಟೀಲಿನ ಕಥೆಯೂ ಇಂಥದೇ. ಅದನ್ನು ದಕ್ಷಿಣದ ಸಂಗೀತಕ್ಕೆ ಒಗ್ಗಿಸಿದವರಲ್ಲಿ ಮೊದಲಿಗರೆಂದು ಹೆಸರಾದವರು ಮುತ್ತುಸ್ವಾಮಿ ದೀಕ್ಷಿತರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರು. ಪರದೇಶದ ವಾದ್ಯವನ್ನು ಮನೆಯೊಳಗೆ ತರುವದು ದೀಕ್ಷಿತರೆಂಬ ಹೆಸರಿಗೇ ಅಂಟಿಬಂದ ಚಾಳಿಯೋ ಏನೋ!

ಎರಡನೆಯ ಮಾತು, ಈ ಗದ್ದಲದಲ್ಲಿ ಪದವು ಕೇಳುವದಿಲ್ಲವೆಂಬದು. ಇದಕ್ಕೆ ಕಿವಿಗೊಡಲೇಬೇಕು. ಆದರೆ ಗದ್ದಲವೊಂದೇ ದೋಷವಾಗಿದ್ದರೆ ಈ ಸೀಮೆಯ ಮೊಹರಮ್ಮಿನ ಹಾಡುಗಳು ಎಂದೋ ಸತ್ತುಹೋಗಬೇಕಾಗಿತ್ತು. ಹಲಗೆಯ ಪೆಟ್ಟಿಗೆ ಎದೆ ನಡುಗುವಂಥ ರಾತ್ರಿಯಲ್ಲಿ ಹಿಂದು ಮುಸಲ್ಮಾನರಿಬ್ಬರೂ ಕೂಡಿ ರಿವಾಯತ ಪದಗಳನ್ನು ಹಾಡುತ್ತ ಬಂದಿದ್ದಾರೆ. ಸ್ವತಃ ಶರೀಫರೂ ಅಂಥ ಪದಗಳನ್ನು ಕಟ್ಟಿದವರು. ಅಲ್ಲಿ ಹಾಡುಗಾರನು ನುಡಿಯನ್ನು ಎತ್ತಿಕೊಂಡಾಗ ಹಲಗೆಯು ತಗ್ಗುತ್ತದೆ, ನುಡಿ ಮುಗಿದಾಗ ಮೇಲೇಳುತ್ತದೆ. ವಾದ್ಯವು ದೊಡ್ಡದೋ ಸಣ್ಣದೋ ಎಂಬದನ್ನು ಕೇಳಬೇಕಾಗಿಲ್ಲ. ನುಡಿಗೆ ಅದು ದಾರಿ ಬಿಡುವದೋ ಇಲ್ಲವೋ ಎಂಬದನ್ನು ಕೇಳಬೇಕು. ಈ ಅಳತೆಗೋಲಿನಿಂದ ಎರಡೂ ಆಲ್ಬಮ್ಮುಗಳನ್ನು ಅಳೆದರೆ ಫಲವು ಎಲ್ಲೆಡೆ ಒಂದೇ ತೆರನಾಗಿ ಬರುವದಿಲ್ಲ.

ಮೊದಲು ಮಾಳಿಗೆಯ ಪದ. ಅಜ್ಞಾನದಿಂದ ಸೋರುವ ಮನೆಯ ಚಿತ್ರವು ಅದರಲ್ಲಿದೆಯೆಂಬದು ಕನ್ನಡ ಬಲ್ಲವರಿಗೆಲ್ಲ ಗೊತ್ತು. ಬೆಂಗಳೂರಿನ ಸಭಿಕರಿಗೆ ಅದು ರೂಪಕ ಮಾತ್ರ. ಯಲಬುರ್ಗಾ, ಕುಷ್ಟಗಿಗಳ ಮಣ್ಣಿನ ಮಾಳಿಗೆಯ ಮನೆಯಲ್ಲಿ ಹುಟ್ಟಿದವನಿಗಾದರೋ ಅದು ಮೊದಲು ಒಂದು ರಾತ್ರಿ, ಆಮೇಲೆ ರೂಪಕ. ಮಳೆಗಾಲಕ್ಕೆ ಮುಂಚೆ ಮಾಳಿಗೆಯ ಮೇಲಿನ ಹುಲ್ಲು ಕಿತ್ತು, ಹೊಸ ಮಣ್ಣು ಹಾಕಿ, ತುಳಿದು ಗಟ್ಟಿಮಾಡದಿದ್ದರೆ ನಡುರಾತ್ರಿಯಲ್ಲಿ ಜಂತಿಯ ಸಂದಿನಿಂದ ಹನಿಯು ಹಾಸಿಗೆಯ ಮೇಲೆ ಬೀಳುತ್ತದೆ. ಮನೆಯವರು ಎದ್ದು ಬೋಗುಣಿ ತಪ್ಪೇಲಿಗಳನ್ನು ಅಲ್ಲಲ್ಲಿ ಇಡುತ್ತಾರೆ. ಮಳೆಯನ್ನು ಬೇಡಿ ಬೇಡಿ ಕರೆದ ಸೀಮೆಯಾದುದರಿಂದ ಆ ಮಳೆಯನ್ನು ಬೈಯುವಂತೆಯೂ ಇಲ್ಲ. ಕತ್ತಲೆಯಲ್ಲಿ ಮಾಳಿಗೆಯನ್ನು ಏರಲಾರದವನ ಅಸಹಾಯತೆ, ತಪ್ಪು ತನ್ನದೇ ಎಂಬ ಅರಿವು, ಇಷ್ಟಾದರೂ ಒಳಗೊಳಗೆ ಸಣ್ಣದೊಂದು ನಗೆ: ಇವು ಆ ಪದದ ಜೀವ.

ದೀಕ್ಷಿತರು ಇದನ್ನು ಬಿಚ್ಚುಗೊರಳಿನಿಂದ ಹಾಡುತ್ತಾರೆ. ಕಂಠವು ತುಂಬಿದ್ದು, ಶ್ರುತಿಶುದ್ಧವಾದದ್ದು. ಎಲ್ಲಕ್ಕೂ ಮಿಗಿಲಾಗಿ ನಾಚಿಕೆಯಿಲ್ಲದ್ದು. ಸುಗಮ ಸಂಗೀತದ ವೇದಿಕೆಯಲ್ಲಿ ಬಹುದಿನ ರೂಢವಾಗಿದ್ದ ಮೆದುತನವನ್ನು ಅದು ಒಂದೇ ಏಟಿಗೆ ಝಾಡಿಸಿತೆಂದು ಹೇಳಬಹುದು. ಮೈಸೂರಿನಲ್ಲಿ ಬೆಳೆದವರಾಗಿದ್ದೂ ಅವರು 'ಮಾಳಿಗಿ'ಯನ್ನು ತಿದ್ದಿ 'ಮಾಳಿಗೆ' ಮಾಡಲಿಲ್ಲ. ಇದು ಸಣ್ಣ ಗುಣವಲ್ಲ. ಗಿಟಾರಿನ ತಂತಿಯೊಂದಿಗೆ ಕಂಠವು ಒಂಟಿಯಾಗಿರುವಷ್ಟು ಹೊತ್ತು ಹನಿಯ ಸಪ್ಪಳವು ಕೇಳಿಬರುತ್ತದೆ. ಮೇಳವು ತುಂಬಿ ಬಂದಾಗ ಮಾತ್ರ ಹನಿಯು ಹೋಗಿ ಬಿರುಮಳೆಯಾಗುತ್ತದೆ. ಬಿರುಮಳೆಗೆ ಸೋರುವ ಮನೆಯಲ್ಲಿ ಆಶ್ಚರ್ಯವೇನಿದೆ? ಶರೀಫರ ಮನೆಯು ಸೋರುವದು ಮಳೆಯ ಬಲದಿಂದಲ್ಲ, ಒಳಗಿನ ತೊಲೆ ಜಂತಿಗಳ ಹುಳುಕಿನಿಂದ. ವೈಭವವು ಹೆಚ್ಚಿದಷ್ಟೂ ತಪ್ಪು ಆಕಾಶದ್ದಾಗುತ್ತ ಹೋಗುತ್ತದೆ. ಇಷ್ಟು ಕೊರತೆಯಿದ್ದರೂ ಈ ಹಾಡು ಮೇಲ್ಮಟ್ಟದ್ದು. ಹುಡುಗನು ಇದನ್ನು ಕೇಳಿ ಅಜ್ಜನ ಬಳಿ ಹೋಗಿ ಜಂತಿಯೆಂದರೇನೆಂದು ಕೇಳುವ ಸಂಭವವಿದೆ.

ಕೋಡಗವನ್ನು ಕೋಳಿ ನುಂಗಿದ ಪದದ ವಿಷಯದಲ್ಲಿ ಇಷ್ಟು ಔದಾರ್ಯ ತೋರಿಸಲಾಗದು. ಅದು ಒಗಟು. ನುಂಗುವದಕ್ಕೆ ಆಗದ್ದು ನುಂಗಲಾರದ್ದನ್ನು ನುಂಗುತ್ತ ಹೋಗಿ, ಕಡೆಗೆ ಗುರು ಗೋವಿಂದಭಟ್ಟರ ಪಾದದಲ್ಲಿ ಹಾಡುವವನೇ ಇಲ್ಲವಾಗುತ್ತಾನೆ. ಭಜನೆಯಲ್ಲಿ ಇಂಥ ಪದವನ್ನು ಹಾಡುವವರು ನುಡಿಗೊಮ್ಮೆ ಪಲ್ಲಕ್ಕೆ ಮರಳಿ, ನಿಂತು, ಕೇಳುವವನ ಮುಖ ನೋಡುತ್ತಾರೆ; ಬಲ್ಲವರಿದ್ದರೆ ನಡುವೆ ಅರ್ಥದ ಮಾತೂ ಬರುತ್ತದೆ. ಒಗಟಿಗೆ ಬೇಕಾದದ್ದು ಆ ನಿಲುಗಡೆ. 'ಜಗ್ ಚಂಗಾ'ದಲ್ಲಿ ಅದು ಇಲ್ಲ. ಹಾಡು ಓಡುತ್ತದೆ; ಕಾಲು ಕುಣಿಯುತ್ತದೆ; ಒಂದು ಪ್ರಾಣಿಯ ಮೇಲೊಂದು ಪ್ರಾಣಿ ಬರುವದು ಕೇಳುಗನಿಗೆ ತಮಾಷೆಯ ಪಟ್ಟಿಯಾಗಿ ತೋರುತ್ತದೆ. ಕುಣಿಯಬಂದವಳನ್ನು ಮದ್ದಳೆಯು ನುಂಗಿತೆಂಬ ಸಂಗತಿಯು ಆ ಪದದಲ್ಲಿಯೇ ಇರುವದು ವಾಚಕರಿಗೆ ನೆನಪಿರಬಹುದು. ಶರೀಫರು ಈ ಮೇಳವನ್ನು ಮೊದಲೇ ಕಂಡಿದ್ದರೆಂದು ಯಾರಾದರೂ ಹಾಸ್ಯ ಮಾಡಿದರೆ ತಡೆಯುವಂತಿಲ್ಲ. ಇದೇ ಪದವನ್ನು ಸಿ. ಅಶ್ವತ್ಥರು (1939–2009) ಹಾಡಿದಾಗಲೂ ಲಯವು ಬಿರುಸಿನದೇ. ಆದರೆ ಅವರ ಒರಟು ಕಂಠದಲ್ಲಿ ಒಂದೊಂದು ನುಂಗುವಿಕೆಯೂ ಬೆರಗನ್ನು ಉಳಿಸಿಕೊಂಡು ಬರುತ್ತದೆ. 1990ರಲ್ಲಿ ನಾಗಾಭರಣರ 'ಸಂತ ಶಿಶುನಾಳ ಶರೀಫ' ಚಲಚ್ಚಿತ್ರದ ಮೂಲಕ ಶರೀಫರನ್ನು ಮನೆಮನೆಗೆ ಮುಟ್ಟಿಸಿದ ಸಂಗೀತವೂ ಅವರದೇ. ಆ ನೆನಪಿನೊಡನೆ ಹೋಲಿಸಿ ನೋಡುವದು ದೀಕ್ಷಿತರಿಗೆ ಕಠಿನವಾದ ಪರೀಕ್ಷೆಯಾದರೂ ಅನ್ಯಾಯದ್ದಲ್ಲ.

ಗುಡುಗುಡಿಯ ಪದಕ್ಕೆ ಬಂದರೆ ಚಿತ್ರವೇ ಬದಲಾಗುತ್ತದೆ. ಇಲ್ಲಿ ರಾಕ್ ಸಂಗೀತವು ಪದಕ್ಕೆ ಹೊರಗಿನಿಂದ ಹೊದಿಸಿದ ಅಂಗಿಯಾಗಿಲ್ಲ. ಸಂಚಿ, ಚಿಲುಮೆ, ಬೆಂಕಿ ಎಂಬ ಸೇದುವವನ ಸರಂಜಾಮೆಲ್ಲವನ್ನೂ ಮನಸ್ಸು ಬುದ್ಧಿಗಳ ಲೆಕ್ಕಕ್ಕೆ ಹಚ್ಚಿ, ಮೋಹವನ್ನು ಕೊಚ್ಚಿ ಸುಡುವ ಉಪಾಯವನ್ನು ಶರೀಫರು ಹೇಳುತ್ತಾರೆ. ಕಾಲೇಜಿನ ಸಮ್ಮೇಳನದಲ್ಲಿ ಈ ಹಾಡು ಆರಂಭವಾದೊಡನೆ ಸಿಳ್ಳು ಹಾಕುವ ಹುಡುಗರು ಅದನ್ನು ಧೂಮಪಾನದ ಸ್ತೋತ್ರವೆಂದೇ ತಿಳಿದಿರುತ್ತಾರೆಂದು ಹಿರಿಯರು ಮುಖ ಸಿಂಡರಿಸುವದುಂಟು. ಆದರೆ ಈ ಬಲೆಯನ್ನು ಒಡ್ಡಿದವರು ದೀಕ್ಷಿತರಲ್ಲ, ಶರೀಫರು. ಅಗಸಿಯ ಕಟ್ಟೆಯ ಮೇಲೆ ಚಿಲುಮೆ ಹಿಡಿದು ಕುಳಿತವನನ್ನು ಅವನ ಚಿಲುಮೆಯಿಂದಲೇ ಹಿಡಿದೆಳೆಯಬೇಕೆಂಬದು ಪದದ ಹಂಚಿಕೆ. ವಿದ್ಯುತ್ ಗಿಟಾರಿನ ಅಮಲೂ ಅಂಥದೇ ಸೆಳೆತ. ಮೊದಲು ಅಮಲು, ಆಮೇಲೆ ಎಚ್ಚರ ಎಂಬ ಕ್ರಮವು ಈ ಹಾಡಿನಲ್ಲಿ ಕೆಡದೆ ಬಂದಿರುವದರಿಂದ ನಗರದ ಹುಡುಗನನ್ನೂ ಇದು ಅವನು ಕುಳಿತಲ್ಲಿಯೇ ಹಿಡಿಯುತ್ತದೆ. ಎರಡೂ ಆಲ್ಬಮ್ಮುಗಳಲ್ಲಿ ಇದಕ್ಕೇ ಮೊದಲ ಮಣೆ.

ಇಂಥ ಪ್ರಯತ್ನವು ಜಗತ್ತಿಗೆ ಹೊಸದೇನಲ್ಲ. 1969ರಲ್ಲಿ ಇಂಗ್ಲೆಂಡಿನ ಫೇರ್‌ಪೋರ್ಟ್ ಕನ್ವೆನ್ಶನ್ ಎಂಬ ಮೇಳದವರು ತಮ್ಮ ನಾಡಿನ ಹಳೆಯ ಕಥನಗೀತಗಳನ್ನು 'ಲೀಜ್ ಅಂಡ್ ಲೀಫ್' ಎಂಬ ಆಲ್ಬಮ್ಮಿನಲ್ಲಿ ವಿದ್ಯುತ್ ವಾದ್ಯಗಳಿಗೆ ಅಳವಡಿಸಿದರು. ಪಾಕಿಸ್ತಾನದ ಜುನೂನ್ ಮೇಳದವರು ಮುಂದೆ ಬುಲ್ಲೇಶಾಹನ ಕಾಫಿಗಳನ್ನು ಹಾಗೆಯೇ ಹಾಡಿದರು. ಎರಡೆಡೆಯಲ್ಲಿಯೂ ಗೆದ್ದದ್ದು ಕಥೆಯನ್ನೋ ಪ್ರಶ್ನೆಯನ್ನೋ ಮುಂದಿಟ್ಟ ಹಾಡುಗಳೇ.

ಲೋಕದ ಕಾಳಜಿಯ ಪದವು 'ಜಗ್ ಚಂಗಾ'ದ ಮಾನವನ್ನು ಕಾಯುತ್ತದೆ. ಲೋಕದ ಚಿಂತೆಯನ್ನು ತಾನೇ ಹೊತ್ತಿರುವೆನೆಂದು ಬೀಗುವವನಿಗೆ, ಆಗಲಪ್ಪ, ಬೇಡವೆಂದವರು ಯಾರು ಎಂದು ಹೇಳುವ ಧಾಟಿ ಅದರದು. ಬಯಲುಸೀಮೆಯ ಕಟ್ಟೆಯ ಮಾತಿನಲ್ಲಿ ದಿನವೂ ಕೇಳಬರುವ ಈ ಚುಚ್ಚನ್ನು ಸಂಗೀತಕ್ಕೆ ತರುವದು ಸುಲಭವಲ್ಲ. ಸ್ವಲ್ಪ ಬಿಗಿದರೆ ಉಪದೇಶವಾಗುತ್ತದೆ, ಸ್ವಲ್ಪ ಸಡಿಲಿಸಿದರೆ ವಿದೂಷಕನ ಮಾತಾಗುತ್ತದೆ. ದೀಕ್ಷಿತರ ಕಂಠದಲ್ಲಿ ನಗೆಯು ಹಾಡಿನುದ್ದಕ್ಕೂ ಇದ್ದು ಒಮ್ಮೆಯೂ ತುಟಿ ಮೀರುವದಿಲ್ಲ. ಸಭೆಯಲ್ಲಿ ಸಾವಿರ ಜನರು ಪಲ್ಲವನ್ನು ಕೂಡಿ ಹಾಡುವಾಗ ಪ್ರತಿಯೊಬ್ಬನೂ ತನ್ನನ್ನೇ ತಾನು ಗೇಲಿಮಾಡಿಕೊಳ್ಳುತ್ತಿರುತ್ತಾನೆ. ಅದನ್ನು ಅರಿತವರೆಷ್ಟೋ ಅರಿಯದವರೆಷ್ಟೋ.

ಶರೀಫರ ಪದಗಳನ್ನು ಬಿಟ್ಟರೆ ಈ ಆಲ್ಬಮ್ಮುಗಳಲ್ಲಿ ಉಳಿದವುಗಳ ಬಗ್ಗೆ ಬಹಳ ಹೇಳುವದಿಲ್ಲ. ಹಿಂದಿಯ ಹಾಡುಗಳು ಇಂಪಾಗಿವೆ. 1948ರವರೆಗೆ ನಿಜಾಮರ ಆಳಿಕೆಯಲ್ಲಿದ್ದ ಈ ಸೀಮೆಯ ಕಿವಿಗೆ ಆ ಭಾಷೆಯು ಪರಕೀಯವೂ ಅಲ್ಲ. ಆದರೆ ಮಾತುಗಳು ತೆಳು. ಶರೀಫರ ಪಕ್ಕದಲ್ಲಿ ಕುಳ್ಳಿರಿಸಿದಾಗ ಆ ತೆಳುವು ಇನ್ನೂ ಎದ್ದು ಕಾಣುವದು. ಬೇರೆಯಾಗಿ ಕೇಳಿದವನು ಇಷ್ಟು ಕಟುವಾಗಿ ಹೇಳಲಿಕ್ಕಿಲ್ಲ. ಇವರ ತಮ್ಮ ವಾಸು ದೀಕ್ಷಿತರ ಸ್ವರಾತ್ಮ ಮೇಳವು 2009ರ ತನ್ನ ಮೊದಲ ಆಲ್ಬಮ್ಮಿನಲ್ಲಿಯೂ 2012ರ 'ಟೋಪಿವಾಲೆ'ಯಲ್ಲಿಯೂ ಬೇರೆ ದಾರಿ ಹಿಡಿಯಿತು. ಹಳೆಯ ಪದಗಳನ್ನು ನೆಚ್ಚದೆ ನೀರು, ನೆಲ, ಜನರಿಗೆ ಟೋಪಿ ಹಾಕುವ ಮುಂದಾಳುಗಳು ಮೊದಲಾದ ವಿಷಯಗಳ ಮೇಲೆ ತಾವೇ ಹಾಡು ಕಟ್ಟುವ ಧೈರ್ಯ ಅವರದು. ಕನ್ನಡದ ಹಾಡುಗಳು ಅವುಗಳಲ್ಲಿ ಕೆಲವೇ ಇರುವದು ಕೇಳುಗನ ನಷ್ಟ.

ಆಲ್ಬಮ್ಮನ್ನು ಮೊದಲಿನಿಂದ ಕಡೆಯವರೆಗೆ ಕೇಳುವ ರೂಢಿಯು ಈಗ ಅಳಿಯುತ್ತ ಬಂದಿದೆ. ಗಂಗಾವತಿಯ ಬಸ್ ನಿಲ್ದಾಣದಲ್ಲಿ ಕುಳಿತ ಹುಡುಗನ ಮೊಬೈಲಿನಲ್ಲಿ ಮಾಳಿಗೆಯ ಪದವು ಮುಗಿದೊಡನೆ ಇನ್ನಾವದೋ ಚಲಚ್ಚಿತ್ರದ ಹಾಡು ಬರುತ್ತದೆ. ಎರಡರ ನಡುವೆ ಉಸಿರಿಗೂ ಎಡೆಯಿಲ್ಲ. ಭಜನೆಯಲ್ಲಿ ಒಂದು ಪದ ಮುಗಿದ ಮೇಲೆ ಯಾರೋ ಕೆಮ್ಮುತ್ತಾರೆ, ಯಾರೋ ಚಹ ತರುತ್ತಾರೆ, ತಬಲಾದವನು ಸುತ್ತಿಗೆಯಿಂದ ಶ್ರುತಿ ಸರಿಮಾಡಿಕೊಳ್ಳುತ್ತಾನೆ. ಅಷ್ಟರಲ್ಲಿ ಪದವು ಕೇಳಿದವನ ಒಳಗೆ ಇಳಿದಿರುತ್ತದೆ. ಮುಂದಿನ ಸಂಪುಟಕ್ಕೆ ಕೈಹಚ್ಚುವ ಗಿಟಾರಿನವರು ಶ್ರಾವಣದ ಒಂದು ಸೋಮವಾರ ರಾತ್ರಿ ಕುಕನೂರಿನ ಕಡೆಯ ಯಾವದಾದರೊಂದು ಹಳ್ಳಿಯ ಗುಡಿಯಲ್ಲಿ ಕುಳಿತು, ಹಾಡಿನ ಜೊತೆಗೆ ಆ ಬಿಡುವನ್ನೂ ಕೇಳಿಕೊಂಡು ಹೋಗುವದು ಒಳ್ಳೆಯದು. ಅಲ್ಲಿಯ ಮೇಳದವರು ಗಿಟಾರನ್ನು ಹೊರಗಿಡೆಂದು ಹೇಳುವವರಲ್ಲ. ಪೇಟಿಯ ಕಪ್ಪು ಎರಡಕ್ಕೆ ಶ್ರುತಿ ಕೂಡಿಸಿಕೋ ಎಂದಷ್ಟೇ ಹೇಳಿಯಾರು.