ಮಣ್ಣನ್ನೋದುವ ವಿದ್ಯೆ

ಸಿಂಧನೂರಿನಿಂದ ಲಿಂಗಸುಗೂರಿನ ಕಡೆಗೆ ಸಾಗುವ ಪಥಿಕನಿಗೆ, ಎರೆಭೂಮಿಯ ವಿಸ್ತಾರದ ನಡುವೆ ಹೆಬ್ಬಂಡೆಗಳ ಗುಡ್ಡವೊಂದು ಎದುರಾದಾಗ, ತಾನು ಮಸ್ಕಿಯನ್ನು ಸೇರಿದೆನೆಂಬುದು ತಿಳಿಯುತ್ತದೆ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರರ ಕಣ್ಣಿಗೆ ಬಿದ್ದ ಇಲ್ಲಿಯ ಶಿಲಾಶಾಸನವು, ಶಾಸನಗಳಲ್ಲಿ ‘ದೇವಾನಾಂಪ್ರಿಯ’ನೆಂದು ಕರೆಸಿಕೊಂಡ ದೊರೆ ಅಶೋಕನೇ ಎಂಬುದನ್ನು ಸ್ಥಿರಪಡಿಸಿ, ಈ ಊರನ್ನು ಜಗದ್ವಿಖ್ಯಾತಗೊಳಿಸಿತು. ಆದರೂ ನನ್ನ ಮನಸ್ಸು ಹೆಚ್ಚಾಗಿ ಒಲಿಯುವುದು, ಅಕ್ಷರವಿಲ್ಲದ ಮಣ್ಣಿನಿಂದಲೂ ಚರಿತ್ರೆಯನ್ನು ನುಡಿಸಬಲ್ಲ ಉತ್ಖನನಕಲೆಗೆ.

1954ರಲ್ಲಿ ಪುರಾತತ್ತ್ವಜ್ಞ ಬಿ. ಕೆ. ಥಾಪರರು ಇಲ್ಲಿ ಅಗೆಸಿದಾಗ ನೆಲವು ನಾಲ್ಕು ಕಾಲಗಳಾಗಿ ತೆರೆದುಕೊಂಡಿತು: ಎಲ್ಲಕ್ಕೂ ಕೆಳಗೆ ಕಲ್ಲಿನ ಅಲಗುಗಳ ತಾಮ್ರಶಿಲಾಯುಗ, ಅದರ ಮೇಲೆ ಕಬ್ಬಿಣವನ್ನೂ ಕಪ್ಪು-ಕೆಂಪು ಮಡಕೆಗಳನ್ನೂ ಬಲ್ಲ ಬೃಹತ್ ಶಿಲಾಯುಗ, ಬಳಿಕ ಆದಿ ಇತಿಹಾಸಕಾಲ, ಮೇಲ್ಗಡೆ ಮಧ್ಯಯುಗ. ಗುಂಡಿಯ ಗೋಡೆಯನ್ನು ನೆಟ್ಟಗೆ ಕಡಿದು, ಮಣ್ಣಿನ ವರ್ಣಭೇದದಿಂದ ಪದರಗಳನ್ನು ವಿಂಗಡಿಸಿ, ಒಂದೊಂದು ಬೋಕಿಯೂ ಯಾವ ಪದರದ್ದೆಂದು ಬರೆದಿಡುವ ಈ ಕಾರ್ಯದಲ್ಲಿ, ಗುದ್ದಲಿಯ ಬಲಕ್ಕಿಂತ ಕರಣೆಯ ತಾಳ್ಮೆಯೇ ಹಿರಿದು. ಏಕೆಂದರೆ ಒಮ್ಮೆ ಅಗೆದ ಪದರವನ್ನು ಮರಳಿ ಹಾಸಲಾಗದು.

ಅಥೆನ್ಸಿನ ಪ್ರಾಚೀನ ಚೌಕವಾದ ಅಗೋರಾವನ್ನು 1931ರಿಂದ ಅಮೆರಿಕದ ವಿದ್ವಾಂಸರು ಅಗೆಯತೊಡಗಿದಾಗ ಬೇಕಾದುದೂ ಇದೇ ತಾಳ್ಮೆ. ಅಲ್ಲಿ ಅಮೃತಶಿಲೆ, ಇಲ್ಲಿ ಮಡಕೆಯ ಚೂರು. ಆದರೆ ಮರೆತುಹೋದ ಮನುಷ್ಯನ ದೈನಂದಿನ ಬಾಳನ್ನು ಗೌರವದಿಂದ ಎತ್ತಿಹಿಡಿಯುವ ಕೈ ಎರಡೆಡೆಯೂ ಒಂದೇ. ಆ ಕೈಗೆ ನನ್ನ ನಮಸ್ಕಾರ.